ಮುಕ್ಕಾಲು ಇಂಚಿನ ಅಂತರ

ಲಗ್ಗೆರೆಯಲ್ಲಿ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಅಣ್ಣ ವಾರಕ್ಕೆ ಆರು ದಿನ ಪೀಣ್ಯದ ವರ್ಕ್‌ಶಾಪೊಂದರಲ್ಲಿ ಪವರ್ ಪ್ರೆಸ್ ನಡೆಸುತ್ತಾರೆ. ಏಳನೆಯ ದಿನ ಗಿಟಾರ್ ನುಡಿಸುತ್ತಾರೆ. ಗಣೇಶನ ಹಬ್ಬ ಬಂದು ರಾಜ್ಯೋತ್ಸವದ ತಿಂಗಳು ಮುಗಿಯುವವರೆಗೆ ಅವರಿಗೆ ಆ ಏಳನೆಯ ದಿನವೂ ಸಾಲುವುದಿಲ್ಲ. ಬೀದಿಗೊಂದು ಪೆಂಡಾಲು, ಪೆಂಡಾಲಿಗೊಂದು ಆರ್ಕೆಸ್ಟ್ರಾ. ಇಳಯರಾಜಾ ಸಂಗೀತದ ‘ಗೀತಾ’ ಚಿತ್ರ ಬಂದದ್ದು 1981ರಲ್ಲಿ. ಅದರ ಹಾಡುಗಳಿಲ್ಲದೆ ಇಂದಿಗೂ ನಮ್ಮ ಕಡೆಯ ಆರ್ಕೆಸ್ಟ್ರಾ ಮುಗಿಯುವುದಿಲ್ಲ.

ಈ ಅಣ್ಣನ ಎಡಗೈಯ ನಡುಬೆರಳಿನ ತುದಿ ಚಪ್ಪಟೆಯಾಗಿದೆ. ಅದು ಪ್ರೆಸ್ಸಿನ ಗುರುತು. ಗಾಯ ಮಾಗಿ ವರ್ಷಗಳಾಗಿವೆ. ಆದರೆ ತಂತಿಯನ್ನು ಒತ್ತಿ ಹಿಡಿಯಬೇಕಾದದ್ದು ಅದೇ ಬೆರಳು. ಕಳೆದ ಹಬ್ಬದ ಹೊತ್ತಿಗೆ ಅವರು ಗೆಳೆಯನಿಂದ ಇನ್ನೊಂದು ಗಿಟಾರ್ ತಂದಿದ್ದರು. ತಮ್ಮದಕ್ಕೂ ಅದಕ್ಕೂ ಒಂದೇ ಕಂಪನಿಯ, ಒಂದೇ ಅಳತೆಯ ಹೊಸ ತಂತಿ ಹಾಕಿ, ಒಂದೇ ಶ್ರುತಿಗೆ ಕೂಡಿಸಿ, ನನ್ನನ್ನು ಮೇಲಕ್ಕೆ ಕರೆದರು. “ನೋಡು ಗುರು, ನನ್ನದು ಬೆರಳು ಕೊಯ್ಯುತ್ತೆ. ಇದು ಬೆಣ್ಣೆ ಇದ್ದ ಹಾಗಿದೆ. ತಂತಿ ಒಂದೇ, ಶ್ರುತಿ ಒಂದೇ. ಯಾಕೆ ಹೀಗೆ? ಪೇಪರಿನವನು ನೀನು, ಹೇಳು.”

ಪೇಪರಿನವನಿಗೆ ಗೊತ್ತಿರಲಿಲ್ಲ. ಕೆಳಗಿನಿಂದ ಅಮ್ಮನ ಹೊಲಿಗೆ ಟೇಪು ತಂದು ಅಳೆದೆವು. ತಂತಿ ಮಿಡಿಯುವ ಭಾಗದ ಉದ್ದ ಒಂದರಲ್ಲಿ 25½ ಇಂಚು. ಇನ್ನೊಂದರಲ್ಲಿ 24¾. ಮುಕ್ಕಾಲು ಇಂಚಿನ ಅಂತರ. ಬೆರಳಿಗೆ ತಿಳಿಯುವಷ್ಟು ವ್ಯತ್ಯಾಸ ಇಷ್ಟರಿಂದಲೇ ಬರುತ್ತದೆಯೇ? ಬರುತ್ತದೆ. ಅದರ ಕಥೆ ಒಂದು ಕಮ್ಮಾರಸಾಲೆಯಲ್ಲಿ ಶುರುವಾಗಿ, ಪೀಣ್ಯದಂಥದೇ ಇನ್ನೊಂದು ಊರಿನ ಕಾರ್ಖಾನೆಗೆ ಬಂದು ಮುಟ್ಟುತ್ತದೆ.

ಕಮ್ಮಾರಸಾಲೆಯ ಕಥೆ ಗ್ರೀಸ್ ದೇಶದ್ದು. ಪೈಥಾಗೊರಸ್ ದಾರಿಯಲ್ಲಿ ಹೋಗುವಾಗ ಸುತ್ತಿಗೆಗಳ ಸದ್ದು ಕೇಳಿ ನಿಂತನಂತೆ. ಎರಡು ಸುತ್ತಿಗೆಗಳ ಸದ್ದು ಮಧ್ಯ ಷಡ್ಜ, ತಾರ ಷಡ್ಜಗಳ ಹಾಗೆ ಹೊಂದಿಕೊಳ್ಳುತ್ತಿತ್ತು. ತೂಗಿದರೆ ಒಂದು ಸುತ್ತಿಗೆ ಇನ್ನೊಂದರ ಎರಡರಷ್ಟಿತ್ತು. ಮನೆಗೆ ಬಂದು ತಂತಿಗಳಿಗೆ ಅದೇ ಪ್ರಮಾಣದ ತೂಕ ನೇತುಹಾಕಿದಾಗ ಅದೇ ಸ್ವರಗಳು ಬಂದವು ಎಂಬುದು ದಂತಕಥೆ. ಶತಮಾನಗಳ ಕಾಲ ವಿದ್ವಾಂಸರು ಇದನ್ನು ಬರೆದು, ಬೋಧಿಸಿ, ನಂಬಿದರು. ತೂಕ ನೇತುಹಾಕಿ ನೋಡುವ ಗೋಜಿಗೆ ಹೋದವರು ವಿರಳ.

ಹಾಗೆ ನೋಡಿದವನು ಹದಿನಾರನೆಯ ಶತಮಾನದ ಇಟಲಿಯ ವಿನ್ಸೆಂಜೊ ಗೆಲಿಲಿ. ಆತ ಲ್ಯೂಟ್ ಎಂಬ ತಂತಿವಾದ್ಯದ ವಾದಕ. ಮುಂದೆ ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿದ ಗೆಲಿಲಿಯೊನ ತಂದೆ. ತಂತಿಯನ್ನು ಅರ್ಧಕ್ಕೆ ಮೊಟಕುಗೊಳಿಸಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ, ಅದು ನಿಜ. ಆದರೆ ಉದ್ದ ಅಷ್ಟೇ ಇರಿಸಿ ಬರೀ ಬಿಗಿಯಿಂದ ಒಂದು ಸ್ಥಾಯಿ ಏರಿಸಬೇಕಾದರೆ ಎರಡರಷ್ಟು ತೂಕ ಸಾಲದು, ನಾಲ್ಕರಷ್ಟು ಬೇಕು ಎಂದು ಆತ ಕಂಡುಕೊಂಡ. ಪಂಡಿತರ ಪುಸ್ತಕಕ್ಕಿಂತ ವಾದಕನ ಬೆರಳು ಸತ್ಯಕ್ಕೆ ಹತ್ತಿರವಿತ್ತು. ಫ್ರಾನ್ಸಿನ ಪಾದ್ರಿ ಮರೆನ್ ಮೆರ್ಸೆನ್ ಪ್ರಯೋಗಗಳನ್ನು ಮುಂದುವರಿಸಿ 1636ರ ತನ್ನ ಗ್ರಂಥದಲ್ಲಿ ಇದನ್ನೆಲ್ಲ ನಿಯಮಗಳಾಗಿ ಬರೆದಿಟ್ಟ. ತಂತಿಯ ಸ್ವರವನ್ನು ನಿರ್ಧರಿಸುವುದು ಮೂರು ಸಂಗತಿಗಳು: ಉದ್ದ, ಬಿಗಿ ಮತ್ತು ತಂತಿಯ ತೂಕ. ಇಂದಿಗೂ ಗಿಟಾರ್ ಕಾರ್ಖಾನೆಗಳು ನಂಬಿರುವುದು ಇದೇ ಲೆಕ್ಕವನ್ನು.

ಈ ಲೆಕ್ಕವನ್ನು ನಮ್ಮ ಮಹಡಿಯ ಮೇಲಿನ ಎರಡು ಗಿಟಾರ್‌ಗಳಿಗೆ ಹಾಕಿ ನೋಡೋಣ. ತಂತಿಯೂ ಒಂದೇ, ಸ್ವರವೂ ಒಂದೇ ಆದರೆ ಬಿಗಿ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಉದ್ದ ಶೇಕಡಾ 3ರಷ್ಟು ಕಡಿಮೆಯಾದರೆ ಬಿಗಿ ಸುಮಾರು ಶೇಕಡಾ 6ರಷ್ಟು ಇಳಿಯುತ್ತದೆ. ಗಿಟಾರ್ ತಂತಿಯ ದಪ್ಪವನ್ನು ಇಂಚಿನ ಸಾವಿರದ ಭಾಗಗಳಲ್ಲಿ ಹೇಳುವುದು ವಾಡಿಕೆ. ಪೀಣ್ಯದವರಿಗೆ ಇದು ಹೊಸದಲ್ಲ, ಅವರು ದಿನವೂ ಆಡುವ ‘ಥೌ’ ಇದೇ. ಹತ್ತು ಥೌ ದಪ್ಪದ ಮೊದಲ ತಂತಿಯನ್ನು ರೂಢಿಯ ಶ್ರುತಿಗೆ ಕೂಡಿಸಿದಾಗ ಉದ್ದನೆಯ ಗಿಟಾರಿನಲ್ಲಿ ಅದರ ಎಳೆತ ಸುಮಾರು 7.3 ಕೆ.ಜಿ., ಗಿಡ್ಡದರಲ್ಲಿ 6.9 ಕೆ.ಜಿ. ಆರೂ ತಂತಿಗಳನ್ನು ಕೂಡಿದರೆ ಮೊದಲನೆಯದರ ಕುತ್ತಿಗೆ ಹೊರುವುದು ಸುಮಾರು 47 ಕೆ.ಜಿ., ಎರಡನೆಯದು ಸುಮಾರು 44. ಒಂದು ಸಿಮೆಂಟ್ ಮೂಟೆಯಷ್ಟಲ್ಲದಿದ್ದರೂ ಅದಕ್ಕೆ ಹತ್ತಿರದ ಭಾರ ಸದಾ ಆ ತೆಳ್ಳನೆಯ ಮರದ ಮೇಲಿರುತ್ತದೆ ಎಂಬುದೇ ಸೋಜಿಗ.

ಬೆರಳಿಗೆ ವ್ಯತ್ಯಾಸ ಹೆಚ್ಚು ತಿಳಿಯುವುದು ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸುವಾಗ. ಸ್ವರವನ್ನು ಒಂದು ಪೂರ್ಣ ಅಂತರದಷ್ಟು, ಎಂದರೆ ಹಾರ್ಮೋನಿಯಂನಲ್ಲಿ ಬಿಳಿ ಒಂದರಿಂದ ಬಿಳಿ ಎರಡಕ್ಕೆ ಹೋದಷ್ಟು, ಏರಿಸಬೇಕಾದರೆ ಬಿಗಿಯನ್ನು ಕಾಲು ಭಾಗಕ್ಕೂ ಸ್ವಲ್ಪ ಹೆಚ್ಚು ಏರಿಸಬೇಕು. ಇರುವ ಬಿಗಿಯೇ ಕಡಿಮೆಯಾದರೆ ಆ ಕಾಲು ಭಾಗವೂ ಕಡಿಮೆ. ಒಂದು ಹಾಡಿನಲ್ಲಿ ಹತ್ತಾರು ಸಲ, ರಾತ್ರಿಯೊಂದರಲ್ಲಿ ನೂರಾರು ಸಲ ಎಳೆಯುವ ಬೆರಳಿಗೆ ಇದು ಸಣ್ಣ ಉಳಿತಾಯವಲ್ಲ. ಫ್ರೆಟ್ ಎನ್ನುವ ಲೋಹದ ಪಟ್ಟಿಗಳ ನಡುವಣ ಜಾಗವೂ ಗಿಡ್ಡ ಗಿಟಾರಿನಲ್ಲಿ ಕೊಂಚ ಕಿರಿದು. ಮೊದಲ ಮನೆಯಲ್ಲಿ ಈ ಅಂತರ ಒಂದು ಮಿಲಿಮೀಟರಿನಷ್ಟು. ಸಣ್ಣ ಕೈಯವರಿಗೆ ಅದೂ ಅನುಕೂಲವೇ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನೂ ಹೇಳಿಬಿಡಬೇಕು. ಗಿಟಾರಿನ ತಲೆ ಉದ್ದವಿದ್ದರೆ, ಬಿರಡೆ ದೂರವಿದ್ದರೆ ತಂತಿ ಹೆಚ್ಚು ಬಿಗಿಯಾಗುತ್ತದೆ ಎಂದು ನುಡಿಸುವವರಲ್ಲಿ ಅನೇಕರು ನಂಬುತ್ತಾರೆ. ನಿಜವಾಗಿ ಲೆಕ್ಕಕ್ಕೆ ಬರುವುದು ವೀಣೆಯಲ್ಲಿ ನಾವು ಮೇರು ಎಂದು ಕರೆಯುವ ಮೇಲಿನ ಪಟ್ಟಿಯಿಂದ ಕುದುರೆಯವರೆಗಿನ ಭಾಗ ಮಾತ್ರ. ಅದರಾಚೆಗಿನ ತಂತಿ ಎಳೆಯುವಾಗ ತುಸು ಹಿಗ್ಗಿ ಕೊಡುವುದರಿಂದ ಬೆರಳಿಗೆ ಬೇರೆ ಅನುಭವ ಕೊಡಬಹುದು. ಆದರೆ ಶ್ರುತಿ ಕೂಡಿಸಿ ಸುಮ್ಮನೆ ಬಿಟ್ಟ ತಂತಿಯ ಬಿಗಿ ಅದರಿಂದ ಬದಲಾಗದು.

ವೀಣೆಯ ಮಾತು ಬಂತು. ತಂತಿಯನ್ನು ಎಳೆದು ಸ್ವರ ಹುಟ್ಟಿಸುವ ಕಲೆ ಕನ್ನಡಿಗರಿಗೆ ಹೊರಗಿನಿಂದ ಬಂದದ್ದಲ್ಲ. ಮೈಸೂರಿನ ವೀಣೆ ಶೇಷಣ್ಣನವರಿಂದ ದೊರೆಸ್ವಾಮಿ ಅಯ್ಯಂಗಾರ್ಯರವರೆಗೆ ವೀಣೆಯ ದೊಡ್ಡ ಪರಂಪರೆಯೇ ನಮ್ಮಲ್ಲಿದೆ. ಬೆಂಗಳೂರಿನ ಹೊರವಲಯದ ಸಿಂಗನಾಯಕನಹಳ್ಳಿಯಲ್ಲಿ ವೀಣೆ ಮಾಡುವ ಕಸಬು ಬೆಳೆದು ಬಂದಿದೆ. ವೀಣೆಯ ತಂತಿಯ ಉದ್ದ ಗಿಟಾರಿನದಕ್ಕಿಂತ ಹೆಚ್ಚು, ಸುಮಾರು 32 ಇಂಚು. ಹಾಗಿದ್ದರೆ ಅದು ಇನ್ನೂ ಬಿಗಿಯಾಗಿರಬೇಕಲ್ಲವೇ ಎಂದು ಓದುಗರು ಕೇಳಬಹುದು. ಆದರೆ ಅದರ ಸಾರಣಿ ತಂತಿಯನ್ನು ಗಿಟಾರಿನ ಮೊದಲ ತಂತಿಗಿಂತ ಹೆಚ್ಚುಕಡಿಮೆ ಒಂದು ಸ್ಥಾಯಿ ಕೆಳಗೆ ಶ್ರುತಿ ಮಾಡುತ್ತಾರೆ. 0.3 ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಯೆಂದು ಲೆಕ್ಕ ಹಾಕಿದರೆ ಅದರ ಬಿಗಿ ಸುಮಾರು 4 ಕೆ.ಜಿ. ಮಾತ್ರ, ಗಿಟಾರಿನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಒಂದೇ ಮೆಟ್ಟಿಲ ಮೇಲೆ ಮೂರು ನಾಲ್ಕು ಸ್ವರಗಳನ್ನು ಎಳೆದು ಗಮಕ ನುಡಿಸಲು ಬೆರಳಿಗೆ ಸಾಧ್ಯವಾಗುವುದು ಈ ಸಡಿಲಿನಿಂದ. ತಂಬೂರಿಯಲ್ಲೂ ಇದೇ ವಿವೇಕ ಕಾಣುತ್ತದೆ. ಗಂಡಸರ ತಂಬೂರಿ ಉದ್ದ, ಎತ್ತರದ ಶ್ರುತಿಗೆ ಹಾಡುವ ಹೆಂಗಸರದು ಗಿಡ್ಡ. ತಂತಿ ಕಿತ್ತುಹೋಗದೆ, ಜೋಲೂ ಬೀಳದೆ ಹದವಾಗಿ ನುಡಿಯಬೇಕಲ್ಲ.

ವೀಣೆಯಲ್ಲಿ ಈ ಹದವನ್ನು ತಲೆಮಾರುಗಳು ಕಂಡುಕೊಂಡವು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಅದು ಕಂಪನಿಗಳ ನಕ್ಷೆಯಲ್ಲಿ ನಿಂತಿತು. ಮಾರುಕಟ್ಟೆಗೆ ಬಂದ ಮೊದಲ ಎಲೆಕ್ಟ್ರಿಕ್ ಗಿಟಾರ್‌ಗಳಲ್ಲೊಂದು 1932ರ ರಿಕೆನ್‌ಬ್ಯಾಕರ್. ಬಾಣಲೆಯ ಹಾಗಿದ್ದುದರಿಂದ ಅದಕ್ಕೆ ‘ಫ್ರೈಯಿಂಗ್ ಪ್ಯಾನ್’ ಎಂಬ ಅಡ್ಡಹೆಸರು. ಅದನ್ನು ತೊಡೆಯ ಮೇಲೆ ಮಲಗಿಸಿ ನುಡಿಸುತ್ತಿದ್ದರು. 1950ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್ ಟೊಳ್ಳಿಲ್ಲದ ಮರದ ಹಲಗೆಯ ಗಿಟಾರನ್ನು ಮಾರಾಟಕ್ಕೆ ತಂದ. ರೇಡಿಯೊ ರಿಪೇರಿ ಅಂಗಡಿಯಿಂದ ಮೇಲೆ ಬಂದ ಈತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ ಎಂಬುದು ಕುತೂಹಲದ ಸಂಗತಿ. ಅವನ ಟೆಲಿಕ್ಯಾಸ್ಟರ್ ಮತ್ತು 1954ರ ಸ್ಟ್ರ್ಯಾಟೊಕ್ಯಾಸ್ಟರ್‌ಗಳ ತಂತಿಯ ಉದ್ದ 25½ ಇಂಚು. ಪ್ರತಿಸ್ಪರ್ಧಿ ಗಿಬ್ಸನ್ ಕಂಪನಿ 1952ರಲ್ಲಿ ತಂದ ಲೆಸ್ ಪಾಲ್ ಗಿಟಾರಿನದು 24¾ ಇಂಚು. ವರ್ನಿಯರ್ ಹಿಡಿದು ಅಳೆದರೆ ಗಿಬ್ಸನ್‌ನದು ಹೇಳಿದ್ದಕ್ಕಿಂತ ಕೂದಲೆಳೆಯಷ್ಟು ಕಡಿಮೆಯೇ ಇರುತ್ತದೆ. ಇಂದು ಅಂಗಡಿಗಳಲ್ಲಿ ಕಾಣುವ ಬಹುಪಾಲು ಗಿಟಾರ್‌ಗಳು ಈ ಎರಡರಲ್ಲಿ ಒಂದು ವಂಶಕ್ಕೆ ಸೇರಿದವು. ನಮ್ಮ ಅಣ್ಣನ ಗಿಟಾರ್ ಫೆಂಡರ್ ವಂಶದ್ದು, ಗೆಳೆಯನದು ಗಿಬ್ಸನ್ ವಂಶದ್ದು.

ಬೆರಳಿನ ಪ್ರಶ್ನೆ ಕಂಪನಿಗಳಿಗೂ ಬೇಗ ತಿಳಿಯಿತು. 1956ರಲ್ಲಿ ಫೆಂಡರ್ ಕಂಪನಿಯೇ ಕಲಿಯುವವರಿಗೆಂದು 22½ ಇಂಚಿನ ಗಿಟಾರ್‌ಗಳನ್ನು ತಂದಿತು. 1962ರಲ್ಲಿ 24 ಇಂಚಿನ ಜಾಗ್ವಾರ್ ಬಂತು. ಆದರೆ ತಂತಿಯನ್ನು ಎಷ್ಟು ಬೇಕಾದರೂ ಗಿಡ್ಡ ಮಾಡುವಂತಿಲ್ಲ. ಗಿಡ್ಡವಾದಷ್ಟೂ ದಪ್ಪ ತಂತಿಗಳು ಸಡಿಲಗೊಂಡು, ಫ್ರೆಟ್ಟಿಗೆ ತಗುಲಿ ಗೊರಗೊರ ಎನ್ನುತ್ತವೆ, ಸ್ವರ ಮಸುಕಾಗುತ್ತದೆ. ಮಂದ್ರಕ್ಕೆ ಉದ್ದ ಬೇಕು. ಆದ್ದರಿಂದಲೇ ಫೆಂಡರ್‌ನ 1951ರ ಬೇಸ್ ಗಿಟಾರಿನ ತಂತಿ 34 ಇಂಚು. ಬೆರಳಿಗೆ ಸುಖ ಕೊಟ್ಟರೆ ನಾದದಲ್ಲಿ ಸ್ವಲ್ಪ ಕಳೆದುಕೊಳ್ಳಬೇಕು, ನಾದ ಬಿಗಿಯಾಗಿರಬೇಕೆಂದರೆ ಬೆರಳು ಸ್ವಲ್ಪ ನೋಯಬೇಕು. ಗಿಟಾರಿನ ಉದ್ದವೆಂಬುದು ಈ ಇಬ್ಬರ ನಡುವಿನ ಒಪ್ಪಂದ.

ಈ ಒಪ್ಪಂದವನ್ನು ಗಾಯಗೊಂಡ ಬೆರಳೊಂದು ಹರಿದು ಹೊಸದಾಗಿ ಬರೆಯಿತು. ಅದೇ ಇನ್ನೊಂದು ಕಾರ್ಖಾನೆಯ ಕಥೆ.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಲೋಹದ ಕೆಲಸಕ್ಕೆ ಹೆಸರಾದ ಊರು. ಬೀದಿಬೀದಿಗೂ ವರ್ಕ್‌ಶಾಪು, ಪ್ರೆಸ್ಸು, ಲೇತು. ನಮ್ಮ ಪೀಣ್ಯವನ್ನು ಬಲ್ಲವರಿಗೆ ಚಿತ್ರ ಕಣ್ಣಿಗೆ ಕಟ್ಟಬಹುದು. ಅಲ್ಲಿಯ ತಗಡಿನ ಕಾರ್ಖಾನೆಯೊಂದರಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ಕೆಲಸಕ್ಕಿದ್ದ. ಗಿಟಾರ್ ನುಡಿಸುತ್ತಿದ್ದ. ವಾದ್ಯತಂಡವೊಂದರ ಜೊತೆ ಜರ್ಮನಿಗೆ ಹೋಗುವುದೆಂದು ನಿಶ್ಚಯಿಸಿ ಕೆಲಸ ಬಿಟ್ಟ. ಅದು 1965. ಕೊನೆಯ ದಿನ ಮಧ್ಯಾಹ್ನ ಊಟಕ್ಕೆ ಬಂದವನು ಮತ್ತೆ ಹೋಗುವುದಿಲ್ಲವೆಂದ. ಹಿಡಿದ ಕೆಲಸ ಮುಗಿಸಿ ಬಾ ಎಂದು ತಾಯಿ ಕಳಿಸಿದರು. ಆ ದಿನ ಪ್ರೆಸ್ ನಡೆಸುವವರು ಬಂದಿರಲಿಲ್ಲ. ಅಭ್ಯಾಸವಿಲ್ಲದ ಹುಡುಗನನ್ನು ಅದರ ಮುಂದೆ ನಿಲ್ಲಿಸಿದರು. ಪ್ರೆಸ್ ಅವನ ಬಲಗೈಯ ನಡುಬೆರಳು ಮತ್ತು ಉಂಗುರ ಬೆರಳಿನ ತುದಿಗಳನ್ನು ತೆಗೆದುಕೊಂಡಿತು. ಅಯೋಮಿ ಎಡಗೈಯವನು. ಎಂದರೆ ತಂತಿ ಒತ್ತುವ ಕೈ ಬಲಗೈ.

ಗಿಟಾರ್ ಮುಗಿಯಿತೆಂದು ಕುಳಿತಿದ್ದವನನ್ನು ನೋಡಲು ಕಾರ್ಖಾನೆಯ ಮೇಲ್ವಿಚಾರಕ ಒಂದು ಗ್ರಾಮಫೋನ್ ತಟ್ಟೆ ಹಿಡಿದು ಬಂದ. ಅದು ಜ್ಯಾಂಗೊ ರೈನ್‌ಹಾರ್ಟ್‌ನ ವಾದನ. 1928ರಲ್ಲಿ ವಾಸದ ಬಂಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳುಗಳು ಮುದುಡಿಹೋದ ಮೇಲೂ, ಉಳಿದ ಎರಡೇ ಬೆರಳಲ್ಲಿ ನುಡಿಸಿ ಯೂರೋಪಿನ ಜಾಝ್ ಸಂಗೀತದಲ್ಲಿ ದೊಡ್ಡ ಹೆಸರಾದವನು ಆತ. ಅಯೋಮಿ ಮತ್ತೆ ಎದ್ದ. ಪ್ಲಾಸ್ಟಿಕ್ ಸೀಸೆಯೊಂದನ್ನು ಕರಗಿಸಿ ಬೆರಳಿಗೆ ಟೊಪ್ಪಿಗಳನ್ನು ಮಾಡಿಕೊಂಡ, ಅವುಗಳ ಮೇಲೆ ಹಳೆಯ ಜಾಕೆಟ್ಟಿನ ಚರ್ಮ ಅಂಟಿಸಿದ. ಟೊಪ್ಪಿ ಹಾಕಿದ ಬೆರಳಿಗೆ ತಂತಿಯ ಸ್ಪರ್ಶ ತಿಳಿಯದು, ಬಿಗಿಯಾದ ತಂತಿಯನ್ನು ಒತ್ತಲೂ ಆಗದು. ತೆಳ್ಳನೆಯ ತಂತಿಗಳ ಕಟ್ಟು ಅವನಿಗೆ ಸಿಗಲಿಲ್ಲ. ಬ್ಯಾಂಜೊ ವಾದ್ಯದ ತಂತಿಗಳನ್ನು ತಂದು ಗಿಟಾರಿಗೆ ಕಟ್ಟಿದ.

ಅವನ ತಂಡ ಬ್ಲ್ಯಾಕ್ ಸಬಾತ್. ಅವರ ಮೊದಲ ಧ್ವನಿಮುದ್ರಣದ ಸಮಯದಲ್ಲಿ ಅಯೋಮಿಯ ಸ್ಟ್ರ್ಯಾಟೊಕ್ಯಾಸ್ಟರ್ ಕೈಕೊಟ್ಟಿತು. ಮೀಸಲಿಗೆಂದು ಇಟ್ಟುಕೊಂಡಿದ್ದ ಗಿಬ್ಸನ್ ಎಸ್.ಜಿ. ಗಿಟಾರನ್ನು ಎತ್ತಿಕೊಂಡ. 25½ ಇಂಚಿನಿಂದ 24¾ ಇಂಚಿಗೆ ಬಂದದ್ದು ಹೀಗೆ, ಆಕಸ್ಮಿಕವಾಗಿ. ಮತ್ತೆ ಆತ ಹಿಂದಕ್ಕೆ ಹೋಗಲಿಲ್ಲ. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಎಂಬ ಮೂರನೆಯ ಆಲ್ಬಂನ ಕೆಲವು ಹಾಡುಗಳಿಗೆ ತಂತಿಗಳನ್ನು ಒಂದೂವರೆ ಅಂತರ ಕೆಳಗಿಳಿಸಿದ. ನೋವು ಕಡಿಮೆಯಾಗಲೆಂಬುದು ಒಂದು ಕಾರಣ, ಭಾರವಾದ ನಾದದ ಆಸೆ ಇನ್ನೊಂದು. ಮೆರ್ಸೆನ್‌ನ ಲೆಕ್ಕ ಇಲ್ಲಿಯೂ ನಿಲ್ಲುತ್ತದೆ. ಅಷ್ಟು ಇಳಿಸಿದರೆ ತಂತಿಯ ಬಿಗಿ ಶೇಕಡಾ 29ರಷ್ಟು ಕಡಿಮೆ. ಗಿಡ್ಡ ಗಿಟಾರು, ತೆಳ್ಳನೆಯ ತಂತಿ, ತಗ್ಗಿದ ಶ್ರುತಿ. ಗಾಯಗೊಂಡ ಬೆರಳು ಬೇಡಿದ ಮೂರು ರಿಯಾಯಿತಿಗಳಿವು. ಕೇಳುಗರಿಗೆ ಕೇಳಿಸಿದ್ದು ಮಾತ್ರ ಬೇರೆ: ಕಪ್ಪಗೆ, ಭಾರವಾಗಿ, ನೆಲ ನಡುಗಿಸುವ ಹೊಸ ಸಂಗೀತ. ಜಗತ್ತು ಅದನ್ನು ಹೆವಿ ಮೆಟಲ್ ಎಂದು ಕರೆಯಿತು.

ಆ ಸಂಗೀತ ಬೆಂಗಳೂರಿಗೂ ಬಂತು. 1998ರಲ್ಲಿ ಇಲ್ಲಿ ಕ್ರಿಪ್ಟೋಸ್ ಎಂಬ ಮೆಟಲ್ ತಂಡ ಹುಟ್ಟಿತು. 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅರಮನೆ ಮೈದಾನದಲ್ಲಿ ನುಡಿಸಿದಾಗ ದೇಶದ ಮೂಲೆಮೂಲೆಗಳಿಂದ ಜನ ಬಂದಿದ್ದರು. ಅಂದು ಕುಣಿದವರಲ್ಲಿ ಎಷ್ಟು ಮಂದಿಗೆ ಈ ನಾದದ ಹಿಂದೆ ಒಂದು ಪ್ರೆಸ್ ಅಪಘಾತವಿದೆ ಎಂದು ಗೊತ್ತಿತ್ತೋ! ಬ್ಲ್ಯಾಕ್ ಸಬಾತ್‌ನ ಕೊನೆಯ ಕಛೇರಿ 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ, ಅವರು ಬೆಳೆದ ಕೇರಿಯಲ್ಲೇ ನಡೆಯಿತು. ಆ ದಿನವೂ ಅಯೋಮಿಯ ಬೆರಳುಗಳಿಗೆ ಟೊಪ್ಪಿಗಳಿದ್ದವು.

ಅನಂತರದವರು ಶ್ರುತಿಯನ್ನು ಇನ್ನೂ ಇಳಿಸುತ್ತ ಹೋದರು. ಹಾಗೆ ಇಳಿಸಿದಾಗ ತಂತಿ ಜೋಲು ಬೀಳುತ್ತದೆ. ಅದನ್ನು ಬಿಗಿಮಾಡಲು ಮತ್ತೆ ಉದ್ದವೇ ಬೇಕಾಯಿತು. 27 ಇಂಚು ಮತ್ತು ಅದಕ್ಕೂ ಉದ್ದದ ಗಿಟಾರ್‌ಗಳು ಅಂಗಡಿಗೆ ಬಂದವು. 1989ರಲ್ಲಿ ಅಮೆರಿಕದ ರಾಲ್ಫ್ ನೊವಾಕ್ ಎಂಬವರು ದಪ್ಪ ತಂತಿಗೆ ಹೆಚ್ಚು ಉದ್ದ, ತೆಳ್ಳನೆಯದಕ್ಕೆ ಕಡಿಮೆ ಉದ್ದ ಇರುವ, ಫ್ರೆಟ್‌ಗಳು ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡ ಗಿಟಾರಿಗೆ ಪೇಟೆಂಟ್ ಪಡೆದರು. ಇದೂ ತೀರ ಹೊಸದಲ್ಲ. ನಾಲ್ಕು ಶತಮಾನಗಳ ಹಿಂದೆ ಇಂಗ್ಲೆಂಡಿನ ಆರ್ಫೇರಿಯನ್ ಎಂಬ ವಾದ್ಯದಲ್ಲಿ ಓರೆ ಫ್ರೆಟ್‌ಗಳಿದ್ದವು. ಬೆರಳಿಗೂ ನಾದಕ್ಕೂ ನಡುವಿನ ಚೌಕಾಸಿ ಅಷ್ಟು ಹಳೆಯದು.

ಮಹಡಿಯ ಅಣ್ಣನಿಗೆ ಇಷ್ಟನ್ನೂ ಹೇಳಿದೆ. ಅಯೋಮಿಯ ಕಥೆ ಕೇಳಿ ಅವರು ತಮ್ಮ ಬೆರಳನ್ನೊಮ್ಮೆ ನೋಡಿಕೊಂಡರು. ಆಮೇಲೆ ಕೇಳಿದ್ದು ವ್ಯವಹಾರದ ಪ್ರಶ್ನೆ: ಗೆಳೆಯನ ಗಿಟಾರ್ ಹಬ್ಬ ಮುಗಿದ ಮೇಲೆ ಹಿಂತಿರುಗಿಸಬೇಕು, ಇನ್ನೊಂದು ಕೊಳ್ಳಲು ದುಡ್ಡಿಲ್ಲ, ಈಗೇನು ಮಾಡುವುದು? ಶ್ರುತಿ ಇಳಿಸುವಂತಿಲ್ಲ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡಿನವರು ಹಿಡಿದ ಶ್ರುತಿಯೇ ಎಲ್ಲರ ಶ್ರುತಿ. ಇಳಿಸಿದರೆ ಪ್ರತಿ ಹಾಡನ್ನೂ ಬೇರೆ ಮನೆಯಿಂದ ನುಡಿಸಬೇಕು. ಉಳಿದದ್ದು ತಂತಿಯ ದಪ್ಪ. ಹತ್ತು ಥೌ ಬದಲು ಒಂಬತ್ತು ಥೌ ತಂತಿ ಹಾಕಿದರೆ ಮೊದಲ ತಂತಿಯ ಬಿಗಿ ಶೇಕಡಾ 19ರಷ್ಟು ಇಳಿದು ಆರು ಕೆ.ಜಿ.ಗೆ ಬರುತ್ತದೆ. ಮುಕ್ಕಾಲು ಇಂಚು ಉದ್ದ ಕೊಡುವ ಉಳಿತಾಯಕ್ಕಿಂತ ಒಂದು ಥೌ ಕೊಡುವ ಉಳಿತಾಯವೇ ಮೂರು ಪಾಲು! ನಾದ ತುಸು ತೆಳುವಾಗುತ್ತದೆ, ತಂತಿ ಬೇಗ ಕಿತ್ತುಹೋಗಬಹುದು, ಕುತ್ತಿಗೆಯೊಳಗಿನ ಕಬ್ಬಿಣದ ಸರಳನ್ನು ಸ್ವಲ್ಪ ಸಡಿಲಿಸಬೇಕಾಗುತ್ತದೆ. ಅದಕ್ಕೆ ಅವರು ಒಪ್ಪಿದರು.

ಗಿಟಾರ್ ಕೊಳ್ಳಲು ಹೊರಟವರು ಬಣ್ಣ, ಹೆಸರು ನೋಡುವ ಮೊದಲು ಒಂದು ಟೇಪು ಜೇಬಿಗೆ ಹಾಕಿಕೊಳ್ಳುವುದು ಒಳ್ಳೆಯದು. ಮೇಲಿನ ಪಟ್ಟಿಯಿಂದ ಹನ್ನೆರಡನೆಯ ಫ್ರೆಟ್‌ವರೆಗೆ ಅಳೆದು ಎರಡರಷ್ಟು ಮಾಡಿದರೆ ತಂತಿಯ ಉದ್ದ ಸಿಗುತ್ತದೆ. ಮಕ್ಕಳಿಗೆ ಕೊಡಿಸುವವರಂತೂ ಅಳೆಯಲೇಬೇಕು. ಬೆರಳು ನೋಯುತ್ತದೆಂದು ಮೂಲೆಗೆ ಇಟ್ಟ ಎಷ್ಟೋ ಗಿಟಾರ್‌ಗಳ ತಪ್ಪು ಮಕ್ಕಳದಲ್ಲ, ಅಳತೆಯದು.

ಹೊಸ ತಂತಿ ಹಾಕಿದ ಭಾನುವಾರ ಮೇಲಿನಿಂದ ಬಹಳ ಹೊತ್ತು ಗಿಟಾರ್ ಕೇಳಿಸಿತು. ಸೋಮವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಸಿಕ್ಕಿದ ಅಣ್ಣನನ್ನು ಬೆರಳು ಹೇಗಿದೆ ಎಂದು ಕೇಳಿದೆ. “ಪರವಾಗಿಲ್ಲ” ಎಂದರು. ಆಮೇಲೆ ತಾವಾಗಿಯೇ ಇನ್ನೊಂದು ಮಾತು ಹೇಳಿದರು. ಅವರ ಈಗಿನ ಪ್ರೆಸ್ಸಿಗೆ ಎರಡು ಗುಂಡಿಗಳಿವೆಯಂತೆ. ಎರಡೂ ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅದು ಕೆಳಗಿಳಿಯುತ್ತದೆ. ಬೆರಳು ಒಳಗಿರಲು ಸಾಧ್ಯವೇ ಇಲ್ಲ. “ಅದು ಮೊದಲೇ ಇದ್ದಿದ್ದರೆ ನಿನಗೆ ಈ ಲೆಕ್ಕವೆಲ್ಲ ಹಾಕುವ ಕೆಲಸ ಇರುತ್ತಿರಲಿಲ್ಲ ಗುರು” ಎಂದು ನಗುತ್ತ, ಊಟದ ಡಬ್ಬಿ ಹಿಡಿದು ಪೀಣ್ಯದ ಕಡೆಗೆ ಹೊರಟರು.